ಟವೆಲ್ ಕೆಳಗಿನ ಬೆರಳು

ಜಯನಗರದ ಒಂದು ಮನೆಯ ಪೋರ್ಟಿಕೋದಲ್ಲಿ ನಿಂತಿದ್ದ ಕಪ್ಪು ಸೆಡಾನ್‌ಗೆ ಆ ಅಮ್ಮ ಹೇಳಿದ ಬೆಲೆ 9.5 ಲಕ್ಷ. ನನ್ನ ಫೋನಿನಲ್ಲಿದ್ದ ಎಕ್ಸೆಲ್ ಶೀಟು ಹೇಳುತ್ತಿದ್ದ ಬೆಲೆ 13.2 ಲಕ್ಷ. ನಾನು ಮುಖದಲ್ಲಿ ಏನೂ ತೋರಿಸದೆ ಟೈರ್ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, "ಟೈರ್ ಎಲ್ಲಾ ಸವೆದಿದೆಯಲ್ಲಮ್ಮಾ" ಅಂದೆ. ಈಗ ನೆನೆಸಿಕೊಂಡರೆ ಆ ದಿನದ ಮಾತುಗಳಲ್ಲಿ ನನಗೆ ಅತಿ ಹೆಚ್ಚು ನಾಚಿಕೆ ಆಗೋದು ಇದೇ ಮಾತಿಗೆ. ಅದು ಸುಳ್ಳಲ್ಲ. ಟೈರ್ ನಿಜವಾಗಿಯೂ ಸವೆದಿತ್ತು.

ಇದು 2023ರ ಮಾತು. ಕಾರು 2015ರದ್ದು, ಜರ್ಮನ್ ಕಂಪನಿಯದ್ದು, ಡೀಸೆಲ್. (ಕಂಪನಿ ಹೆಸರು ಬೇಡ. ಮುಂದೆ ಅದರ ಗೇರ್‌ಬಾಕ್ಸ್ ಬಗ್ಗೆ ನಾಲ್ಕು ಮಾತು ಹೇಳೋದಿದೆ.) ಒಬ್ಬರೇ ಓನರ್, 48 ಸಾವಿರ ಕಿಲೋಮೀಟರ್. ಆ ಅಮ್ಮನ ಯಜಮಾನರು ತಮ್ಮ ನಿವೃತ್ತಿಯ ಹಣದಲ್ಲಿ ಆಸೆಪಟ್ಟು ತೆಗೆದುಕೊಂಡಿದ್ದು. ಆನ್ ರೋಡ್ ಸುಮಾರು 45 ಲಕ್ಷ ಆಗಿತ್ತಂತೆ. ಯಜಮಾನರು ತೀರಿಕೊಂಡು ಎಂಟು ತಿಂಗಳಾಗಿತ್ತು. ಮಗ ಅಮೆರಿಕದಲ್ಲಿ. ಆಯಮ್ಮನಿಗೆ ಡ್ರೈವಿಂಗ್ ಬರಲ್ಲ. ಪಕ್ಕದ ಮನೆ ಹುಡುಗ ವಾರಕ್ಕೊಮ್ಮೆ ಬಂದು ಸ್ಟಾರ್ಟ್ ಮಾಡಿ ಹೋಗುತ್ತಿದ್ದ.

ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರಿನ ಲೆಕ್ಕ ಮಾಮೂಲಿ ಕಾರಿನ ಲೆಕ್ಕದ ಹಾಗಲ್ಲ. ಐದು ವರ್ಷದವರೆಗೆ ಇನ್ಶೂರೆನ್ಸ್‌ನವರ ಕೈಯಲ್ಲಿ ಒಂದು ಪಟ್ಟಿ ಇರುತ್ತೆ. ಮೊದಲ ಆರು ತಿಂಗಳು ದಾಟದಿದ್ದರೆ ಶೇಕಡಾ 5, ಒಂದು ವರ್ಷದವರೆಗೆ 15, ಎರಡಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50 ಅಂತ ಕಳೆದುಕೊಂಡು ಹೋಗುತ್ತಾರೆ. ಐದು ದಾಟಿದ ಮೇಲೆ ಅವರೂ ಕೈಚೆಲ್ಲಿ, ನೀವೂ ನಾವೂ ಕೂತು ಮಾತಾಡಿಕೊಳ್ಳೋಣ ಅನ್ನುತ್ತಾರೆ. ಅಂದರೆ ಐದು ವರ್ಷ ಆದಮೇಲೆ ಬೆಲೆ ಅನ್ನೋದು ಪೂರಾ ಮಾತು. ಇಂಥ ಕಾರುಗಳು ಮಾರುಕಟ್ಟೆಯಲ್ಲಿ ಪಟ್ಟಿಗಿಂತಲೂ ಜೋರಾಗಿ ಬೀಳುತ್ತವೆ. ಕಾರಣ ಸರಳ. ಕಾರಿನ ಬೆಲೆ ಮೂರರಲ್ಲೊಂದು ಪಾಲಿಗೆ ಇಳಿದರೂ ಅದರ ಹೆಡ್‌ಲೈಟಿನ ಬೆಲೆ ಇಳಿಯಲ್ಲ. 45 ಲಕ್ಷದ ಕಾರಿನ ರಿಪೇರಿ ಬಿಲ್ಲು ಅದು 12 ಲಕ್ಷದ ಕಾರಾದ ಮೇಲೂ 45 ಲಕ್ಷದ ಕಾರಿನದ್ದೇ. ಕೊಳ್ಳುವವನು ಕಾರಿಗೆ ಕೊಡೋದು ಅರ್ಧ, ಭಯಕ್ಕೆ ಕಳೆಯೋದು ಅರ್ಧ.

ನಾನು ಮೂರು ವೀಕೆಂಡ್ ಇದರ ಮೇಲೆ ಕೂತಿದ್ದೆ. ಟೈರಿನ ಗೋಡೆಯ ಮೇಲಿನ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ ಅಂತ ಗೊತ್ತಿತ್ತು. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ತುದಿಯಲ್ಲಿ ಕೆಸರಿನ ಗೆರೆ ಇದೆಯಾ ನೋಡಬೇಕು ಅನ್ನೋದೂ ಗೊತ್ತಿತ್ತು. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಪೂರ್ವದ ಬಡಾವಣೆಗಳಲ್ಲಿ ಎಂಥೆಂಥ ಕಾರುಗಳು ಸೀಟಿನವರೆಗೆ ಮುಳುಗಿದ್ದವು, ನೆನಪಿದೆಯಲ್ಲ? ಹಾಗಾಗಿ ಆಮೇಲೆ ಕಾರು ನೋಡಲು ಹೋದವರೆಲ್ಲ ಮೊದಲು ಬೆಲ್ಟ್ ಎಳೆಯೋದೇ. ಬಾನೆಟ್ ಮುಟ್ಟಿ ಇಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿದೆ. ಓಬಿಡಿ ಪೋರ್ಟಿಗೆ ನನ್ನ ಪುಟ್ಟ ಸ್ಕ್ಯಾನರ್ ಹಾಕಿ, ಡ್ಯಾಶ್‌ಬೋರ್ಡ್ ತೋರಿಸುವ ಕಿಲೋಮೀಟರಿಗೂ ಒಳಗಿನ ಬೇರೆ ಕಂಪ್ಯೂಟರುಗಳು ಹೇಳುವುದಕ್ಕೂ ತಾಳೆಯಾಗುತ್ತಾ ನೋಡಿದೆ. ಆಯಿತು. ಕೆಎ ನಂಬರ್, ಹಾಗಾಗಿ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟುವ ಹಾಗಿಲ್ಲ. 20 ಲಕ್ಷ ಮೀರಿದ ಕಾರಿಗೆ ನಮ್ಮ ರಾಜ್ಯದಲ್ಲಿ ಆ ತೆರಿಗೆ ಶೇಕಡಾ 18, ಸೆಸ್ ಬೇರೆ. ಅದನ್ನೆಲ್ಲ ಆ ಯಜಮಾನರು ಕಟ್ಟಿ ಹೋಗಿದ್ದಾರೆ. ಎಲ್ಲ ಸೇರಿಸಿ, ಟೈರು, ಸಸ್ಪೆನ್ಷನ್ನಿನ ರಬ್ಬರ್ ಬುಷ್, ಬ್ಯಾಟರಿ ಎಲ್ಲ ಕಳೆದು ಬಂದ ನಂಬರೇ 13.2.

ಹಾಗಾದರೆ ಆ ಅಮ್ಮ 9.5 ಅಂದಿದ್ದು ಯಾಕೆ?

ಅದನ್ನು ಅವರೇ ಹೇಳಿದರು, ಕಾಫಿ ಕೊಡುತ್ತಾ. ಹಳೇ ಕಾರಿನ ವ್ಯಾಪಾರಿಯೊಬ್ಬ ಬಂದಿದ್ದನಂತೆ. "ಡೀಸೆಲ್ ಗಾಡಿ ಅಮ್ಮ, ಹತ್ತು ವರ್ಷಕ್ಕೆ ಬ್ಯಾನ್. ಇನ್ನು ಎರಡೇ ವರ್ಷ, ಆಮೇಲೆ ಗುಜರಿ. ಎಂಟೂವರೆ ಕೊಡ್ತೀನಿ" ಅಂದನಂತೆ. ಟೀವಿಯಲ್ಲೂ ಅಂಥದ್ದೇ ಸುದ್ದಿ ನೋಡಿದ ನೆನಪಿತ್ತು ಅವರಿಗೆ. ಅವನಿಗೆ ಕೊಡೋಕೆ ಮನಸ್ಸಾಗದೆ, ನೇರವಾಗಿ ಕೊಳ್ಳುವವರು ಸಿಕ್ಕರೆ ಒಂದು ಲಕ್ಷ ಹೆಚ್ಚಿಗೆ ಬರಬಹುದು ಅಂತ 9.5.

ಆ ಸುದ್ದಿ ನಿಜವೇ. ಆದರೆ ದೆಹಲಿಯದ್ದು. ದೆಹಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ಹಸಿರು ನ್ಯಾಯಮಂಡಳಿ 2015ರಲ್ಲಿ ತಡೆ ಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಕರ್ನಾಟಕದಲ್ಲಿ ಆ ನಿಯಮ ಇಲ್ಲ. ಇಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷ, ಆಮೇಲೆ ಫಿಟ್‌ನೆಸ್ ಮಾಡಿಸಿ ಐದೈದು ವರ್ಷ ಮುಂದುವರಿಸಬಹುದು. ಇದು ನನಗೆ ಗೊತ್ತಿತ್ತು. ಆ ವ್ಯಾಪಾರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಕಾರಿನ ಓನರಿಗೆ ಮಾತ್ರ.

ನಾನು ಕಾಫಿ ಕುಡಿದೆ. "ಹೂಂ, ಡೀಸೆಲ್ ಸ್ವಲ್ಪ ಕಷ್ಟಾನೇ" ಅಂದೆ. ಟೈರಿನ ಹೆಸರಿನಲ್ಲಿ 25 ಸಾವಿರ ಇಳಿಸಿ 9.25ಕ್ಕೆ ಒಪ್ಪಿಸಿ, ಹತ್ತು ಸಾವಿರ ಟೋಕನ್ ಕಳಿಸಿ, ಬೈಕು ಹತ್ತಿ ಬಂದೆ.

ಸೌತ್ ಎಂಡ್ ಸರ್ಕಲ್ ದಾಟುವವರೆಗೂ ಖುಷಿಯಾಗಿಯೇ ಇದ್ದೆ.

ನಮ್ಮದು ಕೆ.ಆರ್. ಪೇಟೆ ಕಡೆ ಹಳ್ಳಿ. ಹೇಮಾವತಿ ದಂಡೆಯ ಹೇಮಗಿರಿ ದನಗಳ ಜಾತ್ರೆಗೆ ತಾತನ ಜೊತೆ ನಾಲ್ಕೈದು ಸಲ ಹೋಗಿದ್ದೇನೆ. ಅಲ್ಲಿ ವ್ಯಾಪಾರ ಬಾಯಲ್ಲಿ ನಡೆಯಲ್ಲ. ದಳ್ಳಾಳಿ ಬಂದು ಕೈ ಹಿಡಿದು ಮೇಲೆ ಟವೆಲ್ ಹೊದಿಸುತ್ತಾನೆ. ಒಳಗೆ ಬೆರಳು ಹಿಡಿದು ಅದುಮಿದರೆ ಅದು ಬೆಲೆ. ಸುತ್ತ ನಿಂತವರಿಗೆ ಏನೂ ಗೊತ್ತಾಗಲ್ಲ, ಇಬ್ಬರ ಮುಖ ನೋಡಿ ಊಹಿಸಬೇಕು. ಚಿಕ್ಕವನಾಗಿದ್ದಾಗ ನನಗೆ ಅದು ಮೋಸದ ಆಟದ ಹಾಗೆ ಕಾಣುತ್ತಿತ್ತು. ಆದರೆ ಆ ಟವೆಲ್ ಮುಚ್ಚುತ್ತಿದ್ದದ್ದು ಸುತ್ತ ನಿಂತವರಿಂದ. ಕೈ ಹಿಡಿದ ಇಬ್ಬರಿಗೂ ಎಷ್ಟು ಬೆರಳು ಅಂತ ಚೆನ್ನಾಗಿ ಗೊತ್ತಿರುತ್ತಿತ್ತು. ಎತ್ತೂ ಎದುರಿಗೇ ನಿಂತಿರುತ್ತಿತ್ತು. ಬಾಯಿ ಬಿಡಿಸಿ ಹಲ್ಲು ನೋಡಬಹುದು, ಸುಳಿ ನೋಡಬಹುದು, ನಡೆಸಿ ಹೆಜ್ಜೆ ನೋಡಬಹುದು. ಕೊಳ್ಳುವವನೂ ರೈತ, ಮಾರುವವನೂ ರೈತ. ಇಬ್ಬರಿಗೂ ಎತ್ತು ಗೊತ್ತು.

ಮಾರುವಾಗ ತಾತನದ್ದು ಒಂದು ಲೆಕ್ಕ ಇತ್ತು. ಕಣ್ಣಿಗೆ ಕಾಣೋ ಐಬು ಹೇಳಬೇಕಾಗಿಲ್ಲ, ಅವನೇ ನೋಡ್ಕೊಳ್ಲಿ. ನೊಗ ಇಟ್ಟರೆ ಮಲಗೋ ಬುದ್ಧಿ ಇದ್ರೆ ಹೇಳ್ಬೇಕು, ಅದು ಜಾತ್ರೇಲಿ ಕಾಣಲ್ಲ. ಎಷ್ಟೋ ವರ್ಷದ ಮೇಲೆ ಇದೇ ಮಾತು ಥಾಮಸ್ ಅಕ್ವಿನಾಸನ ‘ಸುಮ್ಮಾ’ದಲ್ಲಿ ಇದೆ ಅಂತ ಓದಿ ನಗು ಬಂತು. 13ನೇ ಶತಮಾನದ ಕ್ರೈಸ್ತ ಪಂಡಿತ. ಕುದುರೆಗೆ ಒಂದೇ ಕಣ್ಣು ಇದ್ದರೆ ಅದು ಎದ್ದು ಕಾಣುತ್ತೆ, ಅದನ್ನು ಬೆಲೆಯಲ್ಲಿ ಸರಿಮಾಡಿದ್ದರೆ ಸಾರಬೇಕಾಗಿಲ್ಲ, ಕಾಣದ ದೋಷವನ್ನು ಮಾತ್ರ ಹೇಳಲೇಬೇಕು ಅನ್ನೋದು ಅವನ ವಾದ. ತಾತನಿಗೆ ಓದೋಕೆ ಬರುತ್ತಿರಲಿಲ್ಲ.

ಆದರೆ ಇವೆಲ್ಲ ಮಾರುವವನಿಗೆ ಹೇಳಿದ ಮಾತು. ಹಳೇ ಕಾರಿನ ಬಗ್ಗೆ ಅತಿ ಪ್ರಸಿದ್ಧ ಪ್ರಬಂಧ ಕೂಡ ಹಾಗೇ. 1970ರಲ್ಲಿ ಜಾರ್ಜ್ ಅಕರ್ಲಾಫ್ ಬರೆದದ್ದು, 2001ರಲ್ಲಿ ಅವರಿಗೆ ನೊಬೆಲ್ ಬರಲು ಅದೇ ಮುಖ್ಯ ಕಾರಣ. ಅಮೆರಿಕದವರು ಕೆಟ್ಟ ಕಾರಿಗೆ ‘ಲೆಮನ್’ ಅನ್ನುತ್ತಾರೆ. (ನಾವು ಹೊಸ ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ದೃಷ್ಟಿ ತೆಗೆಯುವವರು. ಒಂದೇ ಹಣ್ಣಿಗೆ ಎರಡು ದೇಶದಲ್ಲಿ ಎಷ್ಟು ಬೇರೆ ಕೆಲಸ!) ಯಾವ ಕಾರು ಕೆಟ್ಟದ್ದು ಅಂತ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಅವನು ಎಲ್ಲಕ್ಕೂ ಸರಾಸರಿ ಬೆಲೆಯನ್ನೇ ಕೇಳುತ್ತಾನೆ, ಒಳ್ಳೇ ಕಾರು ಇರುವವರು ಆ ಬೆಲೆಗೆ ಮಾರದೆ ಹಿಂದೆ ಸರಿಯುತ್ತಾರೆ, ಕೊನೆಗೆ ಮಾರುಕಟ್ಟೆಯಲ್ಲಿ ಉಳಿಯೋದು ನಿಂಬೆಹಣ್ಣು. ಇದು ಅವರ ವಾದದ ತಿರುಳು. ಜಯನಗರದ ಪೋರ್ಟಿಕೋದಲ್ಲಿ ಇದು ತಲೆಕೆಳಗಾಗಿತ್ತು. ಕಾರು ಏನು ಅಂತ ಗೊತ್ತಿದ್ದದ್ದು ಕೊಳ್ಳುವವನಿಗೆ. ನನ್ನ ಮತ್ತು ಆ ಅಮ್ಮನ ಕೈ ಮೇಲೆ ಟವೆಲ್ ಇತ್ತು, ಆದರೆ ಎಷ್ಟು ಬೆರಳು ಅನ್ನೋದು ಅವರಿಗೇ ಗೊತ್ತಾಗದ ಹಾಗೆ.

ಸೋಮವಾರ ಆಫೀಸಿನಲ್ಲಿ ಟೀಮಿನ ಗೆಳೆಯನಿಗೆ ಹೇಳಿದೆ. ಅವನು ಬೆನ್ನು ತಟ್ಟಿದ. "ಮಚ್ಚಾ, ಅದು ನೀನು ಮೂರು ವೀಕೆಂಡ್ ಓದಿದ್ದಕ್ಕೆ ಕೂಲಿ. ಗೊತ್ತಿಲ್ಲದೇ ಇರೋದು ಅವರ ತಪ್ಪು. ಮಗ ಅಮೆರಿಕದಲ್ಲಿದ್ದಾನೆ, ಐದು ನಿಮಿಷ ಫೋನ್ ತೆಗೆದು ನೋಡಿದ್ರೆ ಆಗ್ತಿತ್ತು." ಈ ವಾದ ಹಗುರವಾದದ್ದಲ್ಲ. ತಿಳಿವಳಿಕೆಗೆ ಬೆಲೆ ಇಲ್ಲದಿದ್ದರೆ ನಮ್ಮ ಕಸುಬೇ ಇಲ್ಲ. ನಮಗೆ ಸಂಬಳ ಕೊಡೋದೇ ಬೇರೆಯವರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿದೆ ಅಂತ.

ಸಂಬಳ ಅಂದಾಗ ಇನ್ನೊಂದು ನೆನಪಾಯಿತು. ಮೊದಲ ಸಲ ಕೆಲಸ ಬದಲಿಸಿದಾಗ ಎಚ್ಆರ್ ಮೇಡಂ, "ನಿಮ್ಮ ಎಕ್ಸ್‌ಪೆಕ್ಟೇಶನ್ ಎಷ್ಟು?" ಅಂದರು. ಆಗ ನನಗೆ 5 ಲಕ್ಷ ಬರುತ್ತಿತ್ತು. ಎದೆ ಗಟ್ಟಿ ಮಾಡಿಕೊಂಡು, ಬೈದುಬಿಡ್ತಾರೇನೋ ಅನ್ನೋ ಭಯದಲ್ಲಿ, "ಎಂಟು" ಅಂದೆ. ಅವರು ಒಂದು ಕ್ಷಣ ಸ್ಕ್ರೀನ್ ನೋಡಿ, ಸ್ವಲ್ಪ ಕಷ್ಟಪಟ್ಟವರ ಹಾಗೆ, "ಏಳೂಮುಕ್ಕಾಲು ಮಾಡೋಣ್ವಾ?" ಅಂದರು. ನಾನು ಊರಿಗೆ ಫೋನ್ ಮಾಡಿ ಹೇಳಿ ಖುಷಿಪಟ್ಟೆ. ಎರಡು ವರ್ಷ ಆದಮೇಲೆ ಗೊತ್ತಾಯಿತು, ಆ ಹುದ್ದೆಗೆ ಇಟ್ಟಿದ್ದ ಬಜೆಟ್ 12. ಪಕ್ಕದ ಸೀಟಿನವನು, ನನ್ನಷ್ಟೇ ಅನುಭವದವನು, 11.5ಕ್ಕೆ ಸೇರಿದ್ದ. ಅವನ ಅಕ್ಕ ಅದೇ ಇಂಡಸ್ಟ್ರಿಯಲ್ಲಿದ್ದಳು, ಎಷ್ಟು ಕೇಳಬೇಕು ಅಂತ ಹೇಳಿಕೊಟ್ಟಿದ್ದಳು. ನನಗೆ ಹೇಳಿಕೊಡುವವರು ಇರಲಿಲ್ಲ. ಆ ಮೇಡಂ ನನಗೆ ಒಂದು ಸುಳ್ಳೂ ಹೇಳಿರಲಿಲ್ಲ. ಆ ಕಾಲು ಲಕ್ಷ ಇಳಿಸಿದ್ದಿದೆಯಲ್ಲ, ಅದು ಇವತ್ತಿಗೂ ಉರಿಯುತ್ತೆ. ಉಳಿದ ನಾಲ್ಕು ಲಕ್ಷಕ್ಕಿಂತ ಹೆಚ್ಚಾಗಿ.

25 ಸಾವಿರ. ಟೈರು. ಅದೇ ಮೊತ್ತ.

ಅಪ್ಪನಿಗೆ ಫೋನ್ ಮಾಡಿದೆ. ನಿಜ ಹೇಳಬೇಕಂದರೆ ಬೈಸಿಕೊಳ್ಳೋಕೆ ಮಾಡಿದ್ದು. ಹಳ್ಳಿಯ ಅಪ್ಪ ಒಂದು ಒಳ್ಳೇ ಮಾತು ಹೇಳುತ್ತಾನೆ, ನಾನು ತಿದ್ದಿಕೊಳ್ಳುತ್ತೇನೆ, ಬರೆಯೋಕೂ ಚೆನ್ನಾಗಿರುತ್ತೆ. ಅಪ್ಪ ಪೂರ್ತಿ ಕೇಳಿ, "ಒಳ್ಳೆ ಯಾಪಾರ ಮಾಡಿದ್ದೀಯ ಬುಡು" ಅಂದರು.

"ಅಲ್ಲಪ್ಪ, ಆಯಮ್ಮಂಗೆ ಗೊತ್ತಿಲ್ಲ."

"ನಂಗೇನ್ ಗೊತ್ತಾಗುತ್ಲಾ ಟೊಮೇಟೊ ರೇಟು? ಟೆಂಪೋದವ್ನು ಬತ್ತಾನೆ, ಇವತ್ತು ಮಾರ್ಕೆಟ್ ಬಿದ್ದೋಗದೆ ಅಂತಾನೆ, ಅವ್ನು ಕೊಟ್ಟಷ್ಟು ಈಸ್ಕತೀನಿ. ಸಾಯಂಕಾಲ ನೀನು ಫೋನ್ ಮಾಡಿ ಬೆಂಗಳೂರಲ್ಲಿ ಕೇಜಿ ಅರವತ್ತು ಅಂತೀಯ. ಪ್ಯಾಟೆಯವ್ರು ಯಾವತ್ತಾದ್ರೂ ನಮಗೆ ಹೇಳಿ ತಗಂಡವ್ರಾ?"

ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ, "ತ್ರೀ ಫೇಸ್ ಬಂತು, ಮೋಟ್ರು ಆನ್ ಮಾಡ್ಬೇಕು" ಅಂತ ಇಟ್ಟುಬಿಟ್ಟರು.

ಅಪ್ಪನ ಲೆಕ್ಕದಲ್ಲಿ ಒಂದು ನ್ಯಾಯ ಇದೆ. ಜೀವಮಾನ ಪೂರ್ತಿ ಟವೆಲ್ ಕೆಳಗೆ ಬೆರಳು ಕೊಟ್ಟವರ ಮಗನಿಗೆ ಒಂದು ಸಲ ಬೆರಳು ಹಿಡಿಯೋ ಅವಕಾಶ ಬಂದಿದೆ, ಹಿಡಿಯಲಿ ಬಿಡು ಅನ್ನೋದು. ಅದು ನನಗೂ ಒಳಗೆಲ್ಲೋ ಹಿತವಾಗಿತ್ತು. ಪೇಟೆಯವರು, ಜಯನಗರದವರು, 45 ಲಕ್ಷದ ಕಾರಿನವರು. ಆದರೆ ಟೊಮೇಟೊಗೆ ಸುಳ್ಳು ರೇಟು ಹೇಳಿದ ಟೆಂಪೋದವನಿಗೂ ಈ ಅಮ್ಮನಿಗೂ ಏನು ಸಂಬಂಧ? ‘ಪೇಟೆ’ ಅನ್ನೋ ಹೆಸರಿನವರು ಯಾರೂ ಇಲ್ಲ, ಸಾಲ ಮಾಡಿದವರು ಒಬ್ಬರು, ವಸೂಲಿ ಇನ್ನೊಬ್ಬರಿಂದ. ಇನ್ನೂ ಹೇಳಬೇಕಂದರೆ ಈ ಕಥೆಯಲ್ಲಿ ಅಪ್ಪನ ಜಾಗದಲ್ಲಿ ಕೂತಿರೋದು ಆ ಅಮ್ಮ. ನಾನು ಟೆಂಪೋದವನು.

ರಾತ್ರಿ ಆ ಶೀಟನ್ನು ಮತ್ತೆ ತೆರೆದೆ. ಒಂದು ಪ್ರಶ್ನೆ ಬಂತು, ಆಮೇಲೆ ಅದು ಹೋಗಲೇ ಇಲ್ಲ. ಈ ಶೀಟನ್ನು ಆ ಅಮ್ಮನ ಮುಂದೆ ಇಟ್ಟು, ಪ್ರತಿ ಸಾಲನ್ನೂ ಓದಿ ಹೇಳಿ, ಆಮೇಲೂ 9.25ಕ್ಕೆ ಕೊಡ್ತೀರಾ ಅಂತ ಕೇಳೋಕೆ ಆಗುತ್ತಾ? ಆಗಲ್ಲ. ನನ್ನ ಶೀಟಿನಲ್ಲಿ ಅವರಿಂದ ಮುಚ್ಚಿಡಬೇಕಾದ ಸಾಲು ಬಹಳ ಇರಲಿಲ್ಲ, ಒಂದೇ ಒಂದು. ಹತ್ತು ವರ್ಷದ ನಿಯಮ ಇಲ್ಲಿ ಇಲ್ಲ ಅನ್ನೋದು. ಟೈರು, ಬುಷ್, ಬ್ಯಾಟರಿ, ಸರ್ವಿಸ್ ಖರ್ಚು ಎಲ್ಲ ತೋರಿಸಬಹುದು, ಅದರ ಮೇಲೆ ಎಷ್ಟು ಬೇಕಾದರೂ ಚೌಕಾಸಿ ಮಾಡಬಹುದು. ಅವರಿಗೆ ಬೇಗ ಮಾರಬೇಕು ಅನ್ನೋದರ ಲಾಭವನ್ನೂ ತೆಗೆದುಕೊಳ್ಳಬಹುದು, ಅದು ಅವರಿಗೇ ಗೊತ್ತು. ಮೂರು ವೀಕೆಂಡಿನ ಕೂಲಿ ಅಂತಾನೇ ಇಪ್ಪತ್ತು ಮೂವತ್ತು ಸಾವಿರ ಕೇಳಬಹುದು. ಆದರೆ ಆ ಒಂದು ಸಾಲು ಮುಚ್ಚಿಟ್ಟರೆ ಮಾತ್ರ ನಿಲ್ಲುವ ಬೆಲೆ ಇದ್ದರೆ, ಅದು ಕಾರಿನ ಬೆಲೆ ಅಲ್ಲ, ಆ ಸಾಲಿನ ಬೆಲೆ. ನಾನು ಕೊಳ್ಳುತ್ತಿದ್ದದ್ದು ಕಾರನ್ನಲ್ಲ, ಅವರ ತಪ್ಪು ತಿಳಿವಳಿಕೆಯನ್ನ. ಅಕ್ವಿನಾಸ್ ಇದನ್ನೂ ಬಿಟ್ಟಿಲ್ಲ. ಒಬ್ಬ ತನ್ನ ಚಿನ್ನವನ್ನು ತಾಮ್ರ ಅಂದುಕೊಂಡು ಮಾರಿದರೆ, ಅದು ಗೊತ್ತಿದ್ದೂ ಕೊಂಡವನು ನಷ್ಟ ತುಂಬಿಕೊಡಬೇಕು ಅನ್ನುತ್ತಾನೆ.

ಆದರೆ ಎಲ್ಲರೂ ಹಾಗೆ ಹೇಳಲ್ಲ. ಸಿಸೆರೋನ ಒಂದು ಪ್ರಸಿದ್ಧ ಉದಾಹರಣೆ ಇದೆ. ರೋಡ್ಸ್ ದ್ವೀಪದಲ್ಲಿ ಬರ, ಅಲೆಕ್ಸಾಂಡ್ರಿಯಾದಿಂದ ಒಬ್ಬ ಧಾನ್ಯ ತಂದಿದ್ದಾನೆ. ಹಿಂದೆ ಇನ್ನೂ ಹಡಗುಗಳು ಬರುತ್ತಿರೋದನ್ನು ದಾರಿಯಲ್ಲಿ ನೋಡಿದ್ದಾನೆ. ಹೇಳಬೇಕಾ, ಸುಮ್ಮನಿದ್ದು ದುಬಾರಿ ಬೆಲೆಗೆ ಮಾರಬಹುದಾ? ಸುಮ್ಮನಿರುವುದು ಬೇರೆ, ಮರೆಮಾಚುವುದು ಬೇರೆ ಅಂತ ಒಬ್ಬ ಗುರು. ಇಲ್ಲ, ಹೇಳಬೇಕು ಅಂತ ಅವನ ಶಿಷ್ಯ. ಸಿಸೆರೋ ಶಿಷ್ಯನ ಕಡೆ. ಅಕ್ವಿನಾಸ್ ಇಲ್ಲಿ ಕೊಂಚ ಸಡಿಲ, ಹೇಳಿದರೆ ದೊಡ್ಡತನ, ಹೇಳಲೇಬೇಕು ಅಂತೇನಿಲ್ಲ ಅನ್ನುತ್ತಾನೆ. ನನಗೂ ಆ ವ್ಯಾಪಾರಿಯ ಮೇಲೆ ಅಷ್ಟು ಸಿಟ್ಟಿಲ್ಲ. ನಾಳೆ ಬರುವ ಹಡಗು ನಾಳೆಯದ್ದು, ಬಿರುಗಾಳಿಗೆ ಸಿಕ್ಕಿ ಬರದೆಯೂ ಇರಬಹುದು. ನನ್ನ ಗುಟ್ಟು ನಾಳೆಯದ್ದಲ್ಲ, ಅವತ್ತೇ ಆರ್‌ಟಿಒ ಕೌಂಟರಿನಲ್ಲಿ ಕೇಳಿದರೆ ಸಿಗುವಂಥದ್ದು. ಜೊತೆಗೆ ನಾನು ಸುಮ್ಮನೂ ಇರಲಿಲ್ಲ. "ಡೀಸೆಲ್ ಸ್ವಲ್ಪ ಕಷ್ಟಾನೇ" ಅಂದಿದ್ದೆ.

ಬುಧವಾರ ಹೋಗಿ ಹೇಳಿದೆ. ಕಣ್ಣಲ್ಲಿ ನೀರು ತುಂಬಿಕೊಂಡು ಎಷ್ಟು ಒಳ್ಳೆಯವನಪ್ಪಾ ಅಂತಾರೆ ಅಂದುಕೊಂಡಿದ್ದೆನಾ? ಸ್ವಲ್ಪ ಅಂದುಕೊಂಡಿದ್ದೆ. ಅವರು ಪೂರ್ತಿ ಕೇಳಿದರು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಹಾಗಾದ್ರೆ ಮೊನ್ನೆ ಟೈರು ಅಂತ ಇಪ್ಪತ್ತೈದು ಸಾವಿರ ಯಾಕಪ್ಪಾ ಇಳಿಸಿದೆ?"

"ಅಭ್ಯಾಸ ಅಮ್ಮ" ಅಂದೆ. ಬೇರೇನೂ ತೋಚಲಿಲ್ಲ.

ಅವತ್ತು ಕಾಫಿ ಬರಲಿಲ್ಲ. ಮಗನಿಗೆ ವೀಡಿಯೋ ಕಾಲ್ ಮಾಡಿದರು. ಅವನು ನನ್ನ ಮೇಲೆ ಮೊದಲಿಗಿಂತ ಹೆಚ್ಚು ಅನುಮಾನಪಟ್ಟ. ಸಹಜ, ತಾನೇ ಬೆಲೆ ಏರಿಸೋ ಗಿರಾಕಿಯನ್ನು ಯಾರು ನಂಬುತ್ತಾರೆ? ಇದರಲ್ಲೇನೋ ಮಸಲತ್ತು ಇದೆ ಅಂತ ಎರಡು ದಿನ ತೆಗೆದುಕೊಂಡ. ಕೊನೆಗೆ 14 ಅಂದ. ಶೀಟು ಅವನಿಗೂ ಕಳಿಸಿದೆ. ಸಾಲು ಸಾಲಾಗಿ ಜಗಳ ಆಡಿದೆವು, ಬುಷ್ ಬದಲಿಸೋಕೆ ಅಷ್ಟಾಗಲ್ಲ, ಹೂಂ ಆಗುತ್ತೆ, ಬ್ಯಾಟರಿ ಹೊಸದು, ಅಲ್ಲ ಹಳೇದು ಅಂತ. 12.4ಕ್ಕೆ ನಿಂತಿತು. ನಿಜ ಹೇಳ್ತೀನಿ, ಅದು ನನ್ನ ಜೀವನದಲ್ಲಿ ನಾನು ಖುಷಿಯಾಗಿ ಮಾಡಿದ ಒಂದೇ ಚೌಕಾಸಿ. ಬಚ್ಚಿಡೋಕೆ ಏನೂ ಇಲ್ಲದೆ ಜಗಳ ಆಡೋದರಲ್ಲಿ ಒಂದು ಸುಖ ಇದೆ. ಕೈಯಲ್ಲಿ ಇಲ್ಲದ ಮೂರು ಲಕ್ಷಕ್ಕೆ ಸಾಲ ತೆಗೆದೆ. ನನ್ನ ಹೆಂಡತಿ ಅದಕ್ಕೆ ‘ಪುಣ್ಯದ ಇಎಂಐ’ ಅಂತ ಹೆಸರಿಟ್ಟಳು. ತಿಂಗಳ 5ನೇ ತಾರೀಖು ಮೆಸೇಜ್ ಬಂದಾಗಲೆಲ್ಲ ಮನೆಯಲ್ಲಿ ನಗು.

ಐದು ತಿಂಗಳು ಕಾರು ಬೆಣ್ಣೆಯ ಹಾಗೆ ಓಡಿತು. ಆರನೇ ತಿಂಗಳು ಸಿಲ್ಕ್ ಬೋರ್ಡ್ ಫ್ಲೈಓವರ್ ಕೆಳಗೆ ಗೇರು ಸಿಕ್ಕಿಹಾಕಿಕೊಂಡಿತು. ಗೇರ್‌ಬಾಕ್ಸಿನ ಒಳಗೆ ಎಣ್ಣೆಯ ವಾಲ್ವುಗಳೂ ಅದನ್ನು ಆಡಿಸುವ ಕಂಪ್ಯೂಟರೂ ಸೇರಿದ ಒಂದು ಭಾಗ, ಮೆಕಟ್ರಾನಿಕ್ ಅನ್ನುತ್ತಾರೆ, ಅದು ಹೋಗಿತ್ತು. ಬಿಲ್ಲು 1.9 ಲಕ್ಷ. ನನ್ನ ಸ್ಕ್ಯಾನರಿಗೆ ಕಾಣದ ಐಬು, ತಾತನ ಭಾಷೆಯಲ್ಲಿ ನೊಗ ಇಟ್ಟಾಗ ಮಲಗುವ ಬುದ್ಧಿ. ಹಾಗಾದರೆ ಸರಿಯಾದ ಬೆಲೆ 10.5 ಆಗಿತ್ತಾ? ಗೆಳೆಯ, "ನೋಡಿದ್ಯಾ, 9.25ಕ್ಕೆ ತಗೊಂಡಿದ್ರೆ ಲೆಕ್ಕ ಸರಿಹೋಗ್ತಿತ್ತು" ಅಂದ. ಇಲ್ಲ ಅನ್ನಿಸುತ್ತೆ ನನಗೆ. ಅವತ್ತು ಇಬ್ಬರ ಮುಂದೆಯೂ ಇದ್ದದ್ದು 12.4 ಮಾತ್ರ. ಗೇರ್‌ಬಾಕ್ಸು ನಾಳೆಯ ಹಡಗು.

ಅದೇ ವಾರ ಆ ಅಮ್ಮನ ಫೋನು ಬಂತು. ಹಳೇ ಇನ್ಶೂರೆನ್ಸಿನ ಒಂದು ಕಾಗದ ಅವರ ಮನೆಗೆ ಬಂದಿತ್ತಂತೆ, ತೆಗೆದುಕೊಂಡು ಹೋಗು ಅನ್ನೋಕೆ. ಅದೂ ಇದೂ ಮಾತಾಡಿ ಇಡುವ ಮುಂಚೆ ಕೇಳಿದರು.

"ಗಾಡಿ ಚೆನ್ನಾಗಿದೆ ತಾನೇಪ್ಪಾ? ನಮ್ಮೆಜಮಾನ್ರು ಅವಾಗವಾಗ ಹೇಳ್ತಿದ್ರು, ಟ್ರಾಫಿಕ್ಕಲ್ಲಿ ಗೇರು ಒಂಚೂರು ಜಗ್ಗತ್ತೆ ಅಂತ. ನಿಂಗೆ ಹೇಳೋದೇ ಮರೆತುಬಿಟ್ಟೆ ನೋಡು. ರಾತ್ರಿ ಅದೇ ಯೋಚನೆ ಆಗಿತ್ತು. ಏನೂ ತೊಂದ್ರೆ ಇಲ್ವಲ್ಲ?"

ನಾನು ಗ್ಯಾರೇಜಿನಲ್ಲಿ ನಿಂತಿದ್ದೆ. ಕಾರು ಲಿಫ್ಟ್ ಮೇಲೆ ಇತ್ತು, ಕೆಳಗೆ ಟ್ರೇಯಲ್ಲಿ ಕಪ್ಪು ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಏನೂ ಇಲ್ಲ ಅಮ್ಮ" ಅಂದೆ. "ಚೆನ್ನಾಗಿ ಓಡ್ತಿದೆ."